ನಮ್ಮ ಲಿಫ್ಟರ್ ಕೇರಳಕ್ಕೆ ಆಡಿದ್ದು

ಪಂದ್ಯಕ್ಕೆ ಮೂರು ವಾರ ಇರುವಾಗ ಕರ್ನಾಟಕ ವಾಲಿಬಾಲ್ ತಂಡದ ಪಟ್ಟಿಯಿಂದ ನಮ್ಮ ಅತ್ಯುತ್ತಮ ಆಟಗಾರನ ಹೆಸರನ್ನು ಕೆಂಪು ಪೆನ್ನಿನಲ್ಲಿ ಹೊಡೆದು ಹಾಕಿದರು. ಹಾಗೆ ಹೊಡೆದು ಹಾಕಲು ಬೇಕಾದ ನಿಯಮವನ್ನು ಬರೆದುಕೊಟ್ಟವನು ನಾನೇ. ಇಷ್ಟು ವರ್ಷಗಳಾದರೂ ಅದು ನೆನಪಾದರೆ ಕಿವಿ ಬಿಸಿಯಾಗುತ್ತದೆ. ಹೊಡೆದು ಹಾಕಿದವರ ಮೇಲೆ ಎಷ್ಟು ಸಿಟ್ಟೋ ನನ್ನ ಮೇಲೂ ಅಷ್ಟೇ.

ಆಗ ನಾನು ಕುವೈತಿನ ಒಂದು ಇಂಡಿಯನ್ ಶಾಲೆಯಲ್ಲಿ ಪಿ.ಟಿ. ಮಾಸ್ಟರ್. ಬಜ್ಪೆ ಕಡೆಯ ಕೊಂಕಣಿ ಮನೆಯವನು. ವಾಲಿಬಾಲ್ ರೆಫ್ರಿ ಪರೀಕ್ಷೆ ಪಾಸು ಮಾಡಿದ್ದರಿಂದ ಕಂಪನಿಗಳ ಟೂರ್ನಮೆಂಟುಗಳಿಗೆ ಸೀಟಿ ಊದಲು ಕರೆಯುತ್ತಿದ್ದರು. ಆ ಟೂರ್ನಮೆಂಟುಗಳಲ್ಲಿ ಯಾರು ಯಾವ ಊರಿನವರೆಂದು ಯಾರೂ ಕೇಳುತ್ತಿರಲಿಲ್ಲ. ಒಂದೇ ಬನಿಯನ್ನಿನಲ್ಲಿ ಮಲಯಾಳಿ, ತಮಿಳ, ಮಂಗಳೂರಿನವ ಎಲ್ಲರೂ ಆಡುತ್ತಿದ್ದರು, ಬೆನ್ನ ಮೇಲೆ ಕಂಪನಿಯ ಹೆಸರು.

ರಾಜ್ಯ ರಾಜ್ಯಗಳ ನಡುವಿನ ಪಂದ್ಯದ ಮಾತನ್ನು ಮೊದಲು ನನ್ನ ತಲೆಗೆ ಹಾಕಿದವರು ಶುವೈಖ್‌ನ ಒಬ್ಬ ಮೆಕ್ಯಾನಿಕ್. ವಯಸ್ಸಾದವರು, ಮೂಲ್ಕಿ ಕಡೆಯವರು. ನನ್ನ ಕಾರಿನ ರೇಡಿಯೇಟರ್ ಬಿಚ್ಚುತ್ತ ಹೇಳಿದರು: “ಯುದ್ಧಕ್ಕೆ ಮುಂಚೆ ಇಲ್ಲಿ ನಮ್ದೇ ಸ್ಟೇಟ್ ಟೀಮ್ ಇತ್ತು ಮಾಸ್ಟ್ರೆ. ಕರ್ನಾಟಕ, ಕೇರಳ, ತಮಿಳುನಾಡು, ಆಂಧ್ರ. ವರ್ಷಕ್ಕೊಂದ್ಸಲ ಮ್ಯಾಚ್. ಇರಾಕಿನವ್ರು ಬಂದ್ರು, ಎಲ್ಲ ಓಡಿದ್ರು, ಖಲಾಸ್. ವಾಪಸ್ ಬಂದವ್ರು ಕೆಲ್ಸ ಹುಡುಕಿದ್ರು. ಮ್ಯಾಚ್ ಯಾರೂ ಹುಡುಕ್ಲಿಲ್ಲ.”

“ಯಾರು ಯಾವ ರಾಜ್ಯ ಅಂತ ಹೇಗೆ ತೀರ್ಮಾನ ಮಾಡ್ತಿದ್ರಿ?” ಎಂದು ಕೇಳಿದೆ.

ಅವರು ನಕ್ಕರು. “ನಿನ್ನ ಊರು ಯಾವ್ದು ಅಂತ ಕೇಳ್ತಿದ್ವು. ಅವ ಹೇಳ್ತಿದ್ದ. ಅಷ್ಟೇ.”

ಆ ಮಾತನ್ನು ನಾನು ಅಲ್ಲಿಯೇ ಹಿಡಿದುಕೊಳ್ಳಬೇಕಿತ್ತು. ಹಿಡಿದುಕೊಳ್ಳಲಿಲ್ಲ. ಆ ಚಳಿಗಾಲದಲ್ಲೇ ಪಂದ್ಯವನ್ನು ಮತ್ತೆ ಶುರು ಮಾಡಬೇಕೆಂದು ಹೊರಟೆ.

ನಾಲ್ಕು ರಾಜ್ಯದವರ ಮೊದಲ ಸಭೆ ಮಿರ್ಕಾಬ್‌ನಲ್ಲಿ, ಒಂದು ಟ್ರಾವೆಲ್ ಆಫೀಸಿನ ಮಹಡಿಯ ಮೇಲೆ. ಕೇರಳದ ಪರವಾಗಿ ಅವರ ಕೋಚ್ ಬಂದಿದ್ದರು, ಆಸ್ಪತ್ರೆಯೊಂದರಲ್ಲಿ ನರ್ಸ್ ಆಗಿದ್ದ, ಮೆತ್ತಗೆ ಮಾತಾಡುವ ಮನುಷ್ಯ. ಕರ್ನಾಟಕದ ಪರವಾಗಿ ನಾನು ಮತ್ತು ಅಲ್ಲಿನ ಕರ್ನಾಟಕದವರ ನಮ್ಮ ಸಂಘದ ಕಾರ್ಯದರ್ಶಿ. ಕಾರ್ಯದರ್ಶಿಗಳು ಸಬ್ಹಾನ್‌ನ ಒಂದು ಪ್ಲಾಸ್ಟಿಕ್ ಪೈಪ್ ಕಾರ್ಖಾನೆಯಲ್ಲಿ ಕೆಲಸಗಾರರ ವಿಭಾಗದ ಅಧಿಕಾರಿ. ರಜೆ, ವೀಸಾ, ಇಕಾಮಾ ಎಂಬ ವಾಸದ ಪರವಾನಗಿ ಎಲ್ಲ ಅವರ ಕೈಯಲ್ಲಿ. ನನ್ನನ್ನು ಸಂಚಾಲಕನನ್ನಾಗಿ ಮಾಡಿ, ನಿಯಮ ಬರೆಯುವ ಕೆಲಸವನ್ನು ನನಗೇ ಒಪ್ಪಿಸಿದರು.

ಎಲ್ಲರಿಗೂ ಒಂದೇ ಭಯ. ಎದುರಿನವರು ಊರಿನಿಂದ ದೊಡ್ಡ ಆಟಗಾರರನ್ನು ವಿಸಿಟ್ ವೀಸಾದಲ್ಲಿ ಕರೆಸಿಕೊಂಡರೆ? ಬೇರೆ ರಾಜ್ಯದವನನ್ನು ನಮ್ಮವನೆಂದು ಸುಳ್ಳು ಹೇಳಿ ನಿಲ್ಲಿಸಿದರೆ? ಆ ಭಯಕ್ಕೆ ಮದ್ದೆಂದು ನಾನು ಬರೆದೆ: ಆಟಗಾರನಿಗೆ ಕುವೈತಿನ ಇಕಾಮಾ ಇರಬೇಕು. ಹುಟ್ಟಿದ ರಾಜ್ಯಕ್ಕೇ ಆಡಬೇಕು. ಹುಟ್ಟಿದ ಸ್ಥಳಕ್ಕೆ ಪಾಸ್‌ಪೋರ್ಟೇ ಪುರಾವೆ. ನಿಯಮ ಬದಲಿಸಲು ನಾಲ್ಕೂ ರಾಜ್ಯಗಳ ಒಪ್ಪಿಗೆ ಬೇಕು. ಓದಿ ಹೇಳಿದಾಗ ಎಲ್ಲರೂ ತಲೆಯಾಡಿಸಿದರು. ಅಚ್ಚುಕಟ್ಟಾಗಿ ಬರೆದೆನೆಂದು ನನಗೂ ಹೆಮ್ಮೆಯಾಯಿತು.

ತೊಂದರೆ ಮರುವಾರವೇ ಶುರುವಾಯಿತು. ಆಫೀಸಿನಲ್ಲಿ ದುಡಿಯುವವರ ಪಾಸ್‌ಪೋರ್ಟ್ ಅವರ ಮನೆಯ ಬೀರುವಿನಲ್ಲಿರುತ್ತದೆ. ಕ್ಯಾಂಪಿನಲ್ಲಿರುವ ಕೆಲಸಗಾರನದ್ದು ಕಂಪನಿಯ ಕಪಾಟಿನಲ್ಲಿ. ಅವನ ಜೇಬಿನಲ್ಲಿರುವುದು ಸಿವಿಲ್ ಐಡಿ ಕಾರ್ಡು ಮಾತ್ರ, ಅದರಲ್ಲಿ ದೇಶದ ಹೆಸರಿದೆಯೇ ಹೊರತು ರಾಜ್ಯದ್ದಿಲ್ಲ. ಶಾಲೆ ಬಿಟ್ಟ ಮೇಲೆ ನಾನು ಕ್ಯಾಂಪಿನಿಂದ ಕ್ಯಾಂಪಿಗೆ ಅಲೆದೆ. ಕೆಲವರು ಎಂದೋ ಮಾಡಿಸಿಟ್ಟ ನಕಲನ್ನು ಟ್ರಂಕಿನ ತಳದಿಂದ ತೆಗೆದುಕೊಟ್ಟರು. ನಕಲೂ ಇಲ್ಲದವರ ಪರವಾಗಿ ಕಂಪನಿಯ ಆಫೀಸಿಗೆ ಹೋಗಿ ಬೇಡಿದೆ. ಒಂದು ಕಡೆ, ಸರ್ಕಾರಿ ಕಾಗದ ಪತ್ರ ಓಡಾಡಿಸುವ ಮಂದೂಬ್ ನನ್ನನ್ನು ಒಂದು ಗಂಟೆ ನಿಲ್ಲಿಸಿ, “ವಾಲಿಬಾಲಿಗೆ ಪಾಸ್‌ಪೋರ್ಟಾ?” ಎಂದು ನಕ್ಕು ಕಳಿಸಿದ. ಅವನ ಮೇಲೆ ಸಿಟ್ಟು ಬಂತು. ತನ್ನದೇ ಪಾಸ್‌ಪೋರ್ಟ್ ತೋರಿಸಲಾಗದ ಮನುಷ್ಯನ ಬಳಿ ಅದನ್ನೇ ಕೇಳುವ ನಿಯಮ ಬರೆದವನು ನಾನಲ್ಲವೇ ಎಂಬುದು ಆಗ ಹೊಳೆಯಲಿಲ್ಲ.

ಕರ್ನಾಟಕ ತಂಡದ ಮ್ಯಾನೇಜರೂ ನಾನೇ. ಅಲ್ಲಿನ ವಾರದ ರಜೆಯಾದ ಒಂದು ಶುಕ್ರವಾರ ಬೆಳಿಗ್ಗೆ ಆಯ್ಕೆಯನ್ನು ನಮ್ಮ ಶಾಲೆಯ ಸಿಮೆಂಟ್ ಅಂಕಣದಲ್ಲಿ ಇಟ್ಟುಕೊಂಡೆ. ನೆಟ್ ಕಟ್ಟಿ, ಗುರುತು ಹಾಕಿದ ಕೋಲು ಹಿಡಿದು ನಡುವೆ ಎರಡು ಮೀಟರ್ ನಲವತ್ತಮೂರು ಸೆಂಟಿಮೀಟರ್ ಅಳೆದೆ. ರಾತ್ರಿಯ ಧೂಳು ಕೂತು ನೆಲ ಜಾರುತ್ತಿತ್ತು, ಎರಡು ಸಲ ಗುಡಿಸಿದೆವು. ಮೂವತ್ತಕ್ಕೂ ಹೆಚ್ಚು ಜನ ಬಂದಿದ್ದರು. ಹೊಡೆಯುವವರಿಗೆ ನಮ್ಮಲ್ಲಿ ಬರವಿರಲಿಲ್ಲ. ನನಗೆ ಬೇಕಿದ್ದದ್ದು ಲಿಫ್ಟರ್, ಅಂದರೆ ಹೊಡೆಯುವವರಿಗೆ ಚೆಂಡನ್ನು ಎತ್ತಿಕೊಡುವವನು. ಅವನಿಲ್ಲದಿದ್ದರೆ ಎಂಥ ಹೊಡೆತಗಾರನೂ ಗಾಳಿಗೆ ಕೈ ಬೀಸಬೇಕು.

ಲಿಫ್ಟರ್ ಆಗಬಯಸಿದ ಐವರನ್ನು ನೆಟ್‌ನ ಪಕ್ಕ ನಿಲ್ಲಿಸಿ, ಒಬ್ಬೊಬ್ಬರಿಗೂ ಹತ್ತು ಚೆಂಡು ಎಸೆದೆ. ಬೇಕೆಂದೇ ಕೆಟ್ಟದಾಗಿ ಎಸೆದೆ: ಕಾಲ ಬುಡಕ್ಕೆ, ಬೆನ್ನ ಹಿಂದಕ್ಕೆ, ನೆಟ್‌ಗೆ ತಾಗುವಂತೆ. ಎಲ್ಲಿಂದಾದರೂ ಸರಿ, ಚೆಂಡು ಎಡ ತುದಿಯಲ್ಲಿ ನೆಟ್‌ಗಿಂತ ಎರಡು ಮೊಳ ಮೇಲೆ ಬಂದು ನಿಲ್ಲಬೇಕು. ನಾಲ್ಕನೆಯವನ ಹೊತ್ತಿಗೆ ನನಗೆ ಬೇಸರ ಬಂದಿತ್ತು.

ಐದನೆಯವನು ಕುಳ್ಳ, ಗಟ್ಟಿ ಮೈಯವನು. ಎರಡು ಬೆರಳಿಗೆ ಬಿಳಿ ಟೇಪ್ ಸುತ್ತಿದ್ದ. ಕಾರ್ಯದರ್ಶಿಗಳ ಪೈಪ್ ಕಾರ್ಖಾನೆಯಲ್ಲೇ ಕೆಲಸ. ಬಿಸಿ ಪೈಪ್ ತಾಗಿ ಸುಟ್ಟದ್ದಂತೆ. ಹತ್ತರಲ್ಲಿ ಒಂಬತ್ತು ಚೆಂಡನ್ನು ಅವನು ನಾನು ಹೇಳಿದ ಜಾಗಕ್ಕೇ ತಲುಪಿಸಿದ. ಅವನ ಬೆರಳಿಗೆ ಚೆಂಡು ತಾಗಿದ ಸದ್ದೇ ಕೇಳುತ್ತಿರಲಿಲ್ಲ.

“ಎಲ್ಲಿ ಕಲ್ತದ್ದು?” ಎಂದೆ.

“ಊರಲ್ಲಿ ಮಾಸ್ಟ್ರೆ. ಶಾಲೆ ಗ್ರೌಂಡಲ್ಲಿ.”

“ಊರು?”

“ಮಂಜೇಶ್ವರ. ಅಲ್ಲಿಂದ ಸ್ವಲ್ಪ ಒಳಗೆ.”

ಮಂಗಳೂರಿನಿಂದ ಬಸ್ಸು ಹತ್ತಿದರೆ ಒಂದು ಗಂಟೆಯೊಳಗಿನ ಊರು. ಅವನು ಮನೆಯಲ್ಲಿ ತುಳು ಮಾತಾಡುತ್ತಿದ್ದ, ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿ ಓದಿದ್ದ. ಮಂಜೇಶ್ವರ ಇರುವುದು ಕೇರಳದಲ್ಲಿ ಎಂಬುದು ನನಗೆ ಗೊತ್ತಿಲ್ಲದ್ದೇನಲ್ಲ. ಆದರೆ ಆ ಬೆಳಿಗ್ಗೆ ಅದು ನನ್ನ ತಲೆಗೇ ಬರಲಿಲ್ಲ. ಅವನ ಹೆಸರನ್ನು ಪಟ್ಟಿಯ ಮೊದಲಿಗೆ ಬರೆದೆ.

ಮುಂದಿನ ವಾರ ಸಂಘದ ಸಭೆಯಲ್ಲಿ ಕಾರ್ಯದರ್ಶಿಗಳು ಪಟ್ಟಿ ತೆಗೆದುಕೊಂಡರು, ಜೇಬಿನಿಂದ ಕೆಂಪು ಪೆನ್ನು ತೆಗೆದರು.

“ಮಾಸ್ಟ್ರೆ, ಈ ಜನ ಆಗುದಿಲ್ಲ.”

“ಯಾಕೆ?”

“ನೀವೇ ಬರ್ದದ್ದಲ್ವಾ, ಹುಟ್ಟಿದ ರಾಜ್ಯ ಅಂತ? ಇವನ ಪಾಸ್‌ಪೋರ್ಟ್ ನನ್ನ ಕಪಾಟಿನಲ್ಲೇ ಉಂಟು. ಹುಟ್ಟಿದ್ದು ಕಾಸರಗೋಡು ಜಿಲ್ಲೆ, ಪಾಸ್‌ಪೋರ್ಟ್ ಕೊಟ್ಟದ್ದು ಕೋಝಿಕ್ಕೋಡ್. ಕೇರಳದವ.”

“ಅವನಿಗೆ ಮಲಯಾಳ ಓದ್ಲಿಕ್ಕೇ ಬರುದಿಲ್ಲ. ಕನ್ನಡ ಮೀಡಿಯಂ. ನಮ್ಮವನಲ್ಲದಿದ್ರೆ ಮತ್ತೆ ಯಾರವ?”

“ಅದೆಲ್ಲ ನಿಮ್ಮ ನಿಯಮದಲ್ಲಿ ಉಂಟಾ?” ಎಂದು ಕೇಳಿ, ಹೆಸರಿನ ಮೇಲೆ ಗೆರೆ ಎಳೆದರು. ಸುತ್ತ ಕೂತಿದ್ದ ಹನ್ನೆರಡು ಜನರಲ್ಲಿ ಒಬ್ಬರೂ ಬಾಯಿ ಬಿಡಲಿಲ್ಲ. ಚಹಾ ಬಂತು, ಕುಡಿದರು.

ಮೆಟ್ಟಿಲಿಳಿಯುವಾಗ ನಾನು ಅವರನ್ನು ತಡೆದು ನಿಲ್ಲಿಸಿದೆ. ಆಗ ನಿಜವಾದ ಕಾರಣ ಹೊರಗೆ ಬಂತು. “ನೋಡಿ ಮಾಸ್ಟ್ರೆ, ನಿಮಗೆ ಆಟ, ನನಗೆ ಕೆಲಸ. ನಮ್ಮಲ್ಲಿ ಈಗ ಶುಕ್ರವಾರವೂ ಮೆಷಿನ್ ಓಡ್ತದೆ. ಇವನನ್ನು ಒಬ್ಬನನ್ನು ಬಿಟ್ರೆ ನಾಳೆ ಇಪ್ಪತ್ತು ಜನ ಬಂದು ನನ್ನ ಟೇಬಲ್ ಎದುರು ನಿಲ್ತಾರೆ. ಸ್ಟೇಟ್ ಪ್ಲೇಯರ್ ಅಂತ ತಲೆಗೇರಿದ್ರೆ ಮತ್ತೆ ಕೆಲಸ ಮಾಡಿಸ್ಲಿಕ್ಕೆ ಉಂಟಾ?”

ಮೈಯೆಲ್ಲ ಉರಿದುಹೋಯಿತು. ಗಡಿಯೂ ಅಲ್ಲ, ಪಾಸ್‌ಪೋರ್ಟೂ ಅಲ್ಲ, ಶುಕ್ರವಾರದ ಪಾಳಿ! ಒಬ್ಬ ಮನುಷ್ಯನನ್ನು ಮೆಷಿನ್ ಮುಂದೆ ನಿಲ್ಲಿಸಿಕೊಳ್ಳಲು ಅವನು ಯಾವ ನಾಡಿನವನೆಂಬುದನ್ನೇ ಅಳಿಸಿಹಾಕಿದ್ದರು. ಬಳಸಿದ್ದು ನನ್ನ ಅಕ್ಷರ.

ನಾನು ನಾಲ್ಕು ರಾಜ್ಯಗಳ ಸಭೆ ಕರೆದೆ. ಹುಟ್ಟಿದ ಸ್ಥಳದ ಜೊತೆಗೆ ಓದಿದ ಭಾಷೆಯನ್ನೂ ಪುರಾವೆಯೆಂದು ಒಪ್ಪಬೇಕು, ಎರಡರಲ್ಲಿ ಯಾವುದು ತನ್ನದೆಂದು ಆಟಗಾರನೇ ಹೇಳಬೇಕು ಎಂದು ತಿದ್ದುಪಡಿ ಇಟ್ಟೆ. ಕೇರಳದ ಕೋಚ್ ಎಲ್ಲರಿಗಿಂತ ಮೊದಲು ಕೈ ಎತ್ತಿದರು. ತಮಿಳುನಾಡು, ಆಂಧ್ರ ಎರಡೂ ಒಪ್ಪಿದವು. ಕರ್ನಾಟಕದ ಮತ ಕಾರ್ಯದರ್ಶಿಗಳದ್ದು. ಅವರು ಕೈಯನ್ನು ಮೇಜಿನ ಮೇಲೆಯೇ ಇಟ್ಟುಕೊಂಡು ಕೂತರು. ನಾಲ್ಕೂ ರಾಜ್ಯಗಳ ಒಪ್ಪಿಗೆ ಬೇಕೆಂದು ಬರೆದವನೂ ನಾನೇ ಆದ್ದರಿಂದ ತಿದ್ದುಪಡಿ ಬಿದ್ದುಹೋಯಿತು.

ಮರುದಿನ ಸಂಜೆ ಸಬ್ಹಾನ್‌ನ ಕ್ಯಾಂಪಿಗೆ ಹೋದೆ. ಲಿಫ್ಟರ್ ಬಚ್ಚಲ ಹೊರಗೆ ಬಕೆಟಿನಲ್ಲಿ ಕೆಲಸದ ಬಟ್ಟೆ ಹಿಂಡುತ್ತಿದ್ದ. ನಾನು ನಿಯಮ, ತಿದ್ದುಪಡಿ, ಮತ ಎಂದೆಲ್ಲ ವಿವರಿಸಿದೆ. ಅವನು ಹಿಂಡುವುದನ್ನು ನಿಲ್ಲಿಸದೆ ಪೂರ್ತಿ ಕೇಳಿದ. ಆಮೇಲೆ ಬಟ್ಟೆಯನ್ನು ಬಕೆಟಿಗೆ ಎಸೆದ.

“ಒಂದು ಕೇಳ್ತೇನೆ, ಬೇಜಾರು ಮಾಡ್ಬೇಡಿ ಮಾಸ್ಟ್ರೆ. ನಾನು ಯಾರು ಅಂತ ನೀವು ಎರಡು ಸಲ ಮೀಟಿಂಗ್ ಮಾಡಿದ್ರಿ. ಒಂದು ಸಲ ಆದ್ರೂ ನನ್ನನ್ನು ಕರೆದು ಕೇಳಿದ್ರಾ?”

ಅವನು ಒದ್ದೆ ಕೈಯನ್ನು ಲುಂಗಿಗೆ ಒರೆಸಿಕೊಂಡ.

“ಊರಲ್ಲಿ ಕೆಲಸಕ್ಕೆ ಅರ್ಜಿ ಹಾಕಿದ್ರೆ ಮಲಯಾಳ ಬರುದಿಲ್ಲ ಅಂತಾರೆ. ಮಂಗ್ಳೂರಿಗೆ ಹೋದ್ರೆ ಕೇರಳದವ ಅಂತಾರೆ. ಅದಕ್ಕೇ ಇಲ್ಲಿಗೆ ಬಂದದ್ದು. ಇಲ್ಲಿಗೂ ಅದನ್ನೇ ತಂದ್ರಾ ನೀವು?” ಅವನ ದನಿ ಏರಿತು. ಪಕ್ಕದ ಕೋಣೆಯವರು ಬಾಗಿಲಿಗೆ ಬಂದು ನಿಂತರು.

ಮೊದಲೇ ಕೇಳಬೇಕಾಗಿದ್ದನ್ನು ಆಗ ಕೇಳಿದೆ. “ನಿನಗೆ ಎಂತ ಬೇಕು?”

“ಆಡ್ಬೇಕು.”

“ಕೇರಳಕ್ಕೆ ಆಡ್ತೀಯಾ?”

ಅವನು ನನ್ನ ಮುಖ ನೋಡಿದ. ತಮಾಷೆ ಮಾಡುತ್ತಿದ್ದೇನೆ ಅಂದುಕೊಂಡನೋ ಏನೋ. “ಅವ್ರು ತಕೊಳ್ತಾರಾ?” ಎಂದ.

ಕ್ಯಾಂಪಿನಿಂದ ಹಿಂದಿರುಗುವ ದಾರಿಯಲ್ಲಿ ಕಾರು ಬದಿಗೆ ನಿಲ್ಲಿಸಿ ಕೂತು ಯೋಚಿಸಿದೆ. ನಿಯಮ ಮುರಿದು ಅವನನ್ನು ನಮ್ಮ ತಂಡದಲ್ಲಿ ಆಡಿಸಿದರೆ, ಇಷ್ಟು ವರ್ಷಗಳ ಮೇಲೆ ಎದ್ದ ಪಂದ್ಯ ಮೊದಲ ದಿನವೇ ಜಗಳದಲ್ಲಿ ಮುರಿಯುತ್ತದೆ. ಸುಮ್ಮನಿದ್ದರೆ ಕಾರ್ಯದರ್ಶಿಗಳು ಗೆಲ್ಲುತ್ತಾರೆ. ಉಳಿದದ್ದು ಒಂದೇ ದಾರಿ. ಅವನು ಕೇರಳದವನೆಂದು ನನ್ನ ನಿಯಮ ಹೇಳುವುದಾದರೆ, ಅದನ್ನು ಪೂರ್ತಿ ನಡೆಸಿಯೇ ಬಿಡುವುದು. ಆ ರಾತ್ರಿ ಕರ್ನಾಟಕ ತಂಡದ ಮ್ಯಾನೇಜರ್ ಸ್ಥಾನಕ್ಕೆ ರಾಜೀನಾಮೆ ಬರೆದು, ಪಂದ್ಯದ ಸಂಚಾಲಕನಾಗಿ ಮಾತ್ರ ಉಳಿದೆ. ಬೆಳಿಗ್ಗೆ ಕೇರಳದ ಕೋಚ್‌ಗೆ ಫೋನ್ ಮಾಡಿದೆ.

“ಮಾಷೇ, ನನ್ನ ಬಳಿ ಇಬ್ಬರು ಲಿಫ್ಟರ್ ಇದ್ದಾರೆ,” ಎಂದರು ಅವರು, ನಮ್ಮಿಬ್ಬರ ಮುರುಕು ಹಿಂದಿಯಲ್ಲಿ. “ಕರುಣೆಯಿಂದ ತೆಗೆದುಕೊಳ್ಳುವುದಿಲ್ಲ. ಕರೆದುಕೊಂಡು ಬನ್ನಿ, ನೋಡುತ್ತೇನೆ.”

ಅವರ ಅಭ್ಯಾಸ ಅಬ್ಬಾಸಿಯಾದ ಒಂದು ಮಣ್ಣಿನ ಅಂಕಣದಲ್ಲಿ. ಲಿಫ್ಟರನನ್ನು ನನ್ನ ಕಾರಿನಲ್ಲೇ ಕರೆದುಕೊಂಡು ಹೋದೆ. ಕೋಚ್ ಅವನ ಊರು ಕೇಳಲಿಲ್ಲ, ಅವನು ಟ್ರಂಕಿನಿಂದ ಹುಡುಕಿ ತಂದಿದ್ದ ಪಾಸ್‌ಪೋರ್ಟಿನ ನಕಲನ್ನು ಮಡಚಿ ಜೇಬಿಗೆ ಹಾಕಿಕೊಂಡರು. ಬೆರಳ ಟೇಪ್ ಬಿಚ್ಚಿಸಿ ಗಾಯ ನೋಡಿದರು, ನರ್ಸ್ ಅಲ್ಲವೇ. ಮುಲಾಮು ಹಚ್ಚಿ ಬೇರೆ ರೀತಿ ಸುತ್ತಿಕೊಟ್ಟರು. ಆಮೇಲೆ ಅರ್ಧ ಗಂಟೆ ಆಡಿಸಿದರು. ಭಾಷೆಯ ತೊಡಕಿಗೆ ಲಿಫ್ಟರನೇ ದಾರಿ ಹುಡುಕಿದ. ಬೆನ್ನ ಹಿಂದೆ ಬೆರಳು ತೋರಿಸುವುದು: ಒಂದು ಬೆರಳೆಂದರೆ ತಗ್ಗಿನ ಚೆಂಡು, ಎರಡೆಂದರೆ ಎತ್ತರದ್ದು, ಮುಷ್ಟಿಯೆಂದರೆ ಹಿಂದಕ್ಕೆ. ಕೊನೆಗೆ ಕೋಚ್ ನನ್ನ ಬಳಿ ಬಂದು, “ಇವನನ್ನು ನೀವು ಬಿಟ್ಟುಕೊಟ್ಟಿರಾ ಮಾಷೇ? ಹುಚ್ಚು ನಿಮಗೆ,” ಎಂದರು.

ಸುದ್ದಿ ಹರಡಿದ ಮೇಲೆ ನನ್ನ ಫೋನಿಗೆ ಬಿಡುವಿರಲಿಲ್ಲ. ನಾಡಿಗೆ ದ್ರೋಹ ಬಗೆದವ ಎಂದು ಒಬ್ಬರು, ಮಲಯಾಳಿಗಳಿಗೆ ಮಾರಿಕೊಂಡವ ಎಂದು ಇನ್ನೊಬ್ಬರು. ಸಭೆಯಲ್ಲಿ ಚಹಾ ಕುಡಿದು ಸುಮ್ಮನಿದ್ದವರೇ ಇವರೆಲ್ಲ. ಯಾರೋ ಶಾಲೆಯ ಪ್ರಿನ್ಸಿಪಾಲರಿಗೂ ದೂರು ಕೊಟ್ಟರು. ನನ್ನ ಹೆಂಡತಿ ಚರ್ಚಿಗೆ ಹೋದಾಗ, ಸದಾ ಪಕ್ಕದಲ್ಲಿ ಕೂರುತ್ತಿದ್ದವರು ಬೇರೆ ಬೆಂಚಿಗೆ ಹೋದರಂತೆ. ಆಕೆ ಮನೆಗೆ ಬಂದು, “ನೀವು ಮಾಡಿದ್ದು ಸರಿ. ಆದ್ರೆ ಸಿಟ್ಟನ್ನು ಮನೆಗೆ ತರ್ಬೇಡಿ, ಮಕ್ಕಳು ಹೆದರ್ತಾರೆ,” ಎಂದಳು.

ಪಂದ್ಯದ ಶುಕ್ರವಾರ ಬೆಳಿಗ್ಗೆ ಲಿಫ್ಟರನಿಗೆ ಪಾಳಿ ಇತ್ತು. ಕಾರ್ಯದರ್ಶಿಗಳೇ ಹಾಕಿಸಿದ್ದರು. ಅವನ ಕೋಣೆಯ ಆಂಧ್ರದವನೊಬ್ಬ ಪಾಳಿ ಬದಲಾಯಿಸಿಕೊಳ್ಳಲು ಒಪ್ಪಿದ. ಅದಕ್ಕೆ ಪಾಳಿಯ ಮೇಲ್ವಿಚಾರಕನ ಒಪ್ಪಿಗೆ ಬೇಕು. ಆತ ಈಜಿಪ್ಟಿನವನು. ಪಂದ್ಯ ಎಂದ ಕೂಡಲೇ, “ಯಲ್ಲಾ, ರೂಹ್,” ಹೋಗು ಎಂದನಂತೆ, “ಎರಡು ಗಂಟೆಗೆ ಮೆಷಿನ್ ಮುಂದೆ ಇರಬೇಕು, ಅಷ್ಟೇ.” ಇಷ್ಟು ಸುಲಭದ ಮಾತು ಹೇಳಲು ನಮ್ಮ ಸಂಘದಲ್ಲಿ ಒಬ್ಬನೂ ಇರಲಿಲ್ಲ.

ಮೊದಲ ವರ್ಷ ಎರಡೇ ಪಂದ್ಯ, ನಮ್ಮ ಶಾಲೆಯ ಅಂಕಣದಲ್ಲೇ. ಚೀಟಿ ಎತ್ತಿದಾಗ ಕರ್ನಾಟಕಕ್ಕೆ ಎದುರಾಗಿ ಬಂದದ್ದು ಕೇರಳ. ನಾನು ಕರ್ನಾಟಕದವನಾದ್ದರಿಂದ ಸೀಟಿಯನ್ನು ತಮಿಳುನಾಡಿನ ರೆಫ್ರಿಗೆ ಕೊಟ್ಟು, ಅಂಕ ಬರೆಯುವ ಮೇಜಿಗೆ ಕೂತೆ. ಆಟಗಾರರ ಹೆಸರು ತುಂಬಿಸುವಾಗ ಅವನ ಹೆಸರನ್ನು ಕೇರಳದ ಪಟ್ಟಿಯಲ್ಲಿ ಬರೆಯಬೇಕಾಯಿತು. ಕೈ ಗಟ್ಟಿಯಾಗಿ ಒತ್ತಿದ್ದರಿಂದ ಕಾಗದ ಹರಿಯಿತು. ಇನ್ನೊಂದು ಹಾಳೆ ತೆಗೆದುಕೊಂಡೆ. ಶುವೈಖ್‌ನ ಮೆಕ್ಯಾನಿಕ್ ಕೆಲಸದ ಬಟ್ಟೆಯಲ್ಲೇ ಬಂದು ನನ್ನ ಹಿಂದೆ ನಿಂತಿದ್ದರು.

ಮೊದಲ ಸೆಟ್ ನಮ್ಮದು. ನಮ್ಮ ಹೊಸ ಲಿಫ್ಟರ್, ಬ್ಯಾಂಕಿನ ಉದ್ಯೋಗಿ, ಚೆನ್ನಾಗಿಯೇ ಆಡಿದ. ಎರಡನೆಯದರಲ್ಲಿ ಕೇರಳದವರಿಗೆ ಮಂಜೇಶ್ವರದವನ ಬೆರಳು ಒಗ್ಗಿತು, ಸೆಟ್ ಅವರದಾಯಿತು. ಮೂರನೆಯದು ನಮಗೆ, ನಾಲ್ಕನೆಯದು ಅವರಿಗೆ. ಐದನೆಯ ಸೆಟ್ ಹದಿನೈದು ಅಂಕದ್ದು. ಆ ಹೊತ್ತಿಗೆ ನಮ್ಮ ಕಡೆಯ ಜನ ಅಂಕಣದ ಗೆರೆಯವರೆಗೆ ಬಂದು ತುಳುವಿನಲ್ಲಿ ಅವನನ್ನು ಬೈಯತೊಡಗಿದ್ದರು. ಅವನ ತಾಯಿಯನ್ನು ಎಳೆದು ತಂದರು. ಕೇರಳದ ಉಳಿದ ಐವರಿಗೆ ಅದು ಬರೀ ಗದ್ದಲ. ಅವನಿಗೆ ಒಂದೊಂದು ಅಕ್ಷರವೂ ಅರ್ಥವಾಗುತ್ತಿತ್ತು. ನಾನು ಮೇಜಿನಿಂದ ಎದ್ದು, ಆಟ ನಿಲ್ಲಿಸುವಂತೆ ರೆಫ್ರಿಗೆ ಸನ್ನೆ ಮಾಡಿದೆ. ಬೈಯುತ್ತಿದ್ದವರ ಮುಂದೆ ಹೋಗಿ ನಿಂತು ತುಳುವಿನಲ್ಲೇ ಕೂಗಿದೆ, ಬಾಯಿ ಮುಚ್ಚದಿದ್ದರೆ ಪಂದ್ಯ ಕೇರಳಕ್ಕೆಂದು ಬರೆದು ಮನೆಗೆ ಹೋಗುತ್ತೇನೆಂದು. ಸುಮ್ಮನಾದರು.

ಹದಿನಾಲ್ಕು–ಹದಿಮೂರು, ಕೇರಳ ಮುಂದೆ. ಚೆಂಡು ಲಿಫ್ಟರನ ಕಡೆ ಬಂತು. ಹೊಡೆಯುವವನು ಆಗಲೇ ನೆಗೆದಿದ್ದ, ನಮ್ಮ ಮೂವರು ತಡೆಯಲು ಅವನೊಂದಿಗೇ ಎದ್ದರು. ಇವನು ಎತ್ತಿಕೊಡುವಂತೆ ಕೈ ಮೇಲೆತ್ತಿ, ಕೊನೆಯ ಕ್ಷಣದಲ್ಲಿ ಎಡಗೈಯ ತುದಿಯಿಂದ ಚೆಂಡನ್ನು ನೆಟ್‌ನ ಆಚೆಗೆ ಸುಮ್ಮನೆ ಜಾರಿಸಿದ. ಅದು ಖಾಲಿ ಸಿಮೆಂಟಿನ ಮೇಲೆ ಬಿತ್ತು. ಕೇರಳದವರು ಅವನನ್ನು ಹೆಗಲ ಮೇಲೆ ಎತ್ತಿಕೊಂಡರು. ಅವನು ನಗುತ್ತಿರಲಿಲ್ಲ.

ಬಹುಮಾನದ ವೇಳೆ ಮೈಕ್ ಹಿಡಿದವರು ನಮ್ಮ ಕಾರ್ಯದರ್ಶಿಗಳು. “ಕೇರಳ ಗೆದ್ದಿರಬಹುದು. ಆದ್ರೆ ಗೆಲ್ಲಿಸಿದವ್ರು ಯಾರು? ನಮ್ಮ ತುಳುನಾಡಿನ ಮಗ! ನಮ್ಮದೇ ಕಂಪನಿಯವ!” ಎಂದರು. ಜನ ಚಪ್ಪಾಳೆ ತಟ್ಟಿದರು. ಹತ್ತು ನಿಮಿಷದ ಹಿಂದೆ ಅವನ ತಾಯಿಯನ್ನು ಬೈದವರೂ ತಟ್ಟಿದರು.

ನಾನು ಹೋಗಿ ಮೈಕನ್ನು ಅವರ ಕೈಯಿಂದ ತೆಗೆದುಕೊಂಡೆ. ಭಾಷಣ ಮಾಡಲು ನನಗೆ ಬರುವುದಿಲ್ಲ. “ಇವನನ್ನು ನಮ್ಮವನಲ್ಲ ಅಂತ ಹೊರಗೆ ಹಾಕಿದವ್ರು ನಾವು. ನಿಯಮ ಬರ್ದದ್ದು ನಾನು, ಹೆಸರು ಹೊಡೆದದ್ದು ಇವ್ರು, ನೋಡ್ತಾ ಕೂತದ್ದು ಸಂಘ. ಈಗ ನಮ್ಮವ ಅಂತ ಹೇಳ್ಲಿಕ್ಕೆ ನಾಚಿಕೆ ಆಗ್ಬೇಕು,” ಎಂದೆ. ಯಾರೋ ಮೈಕಿನ ತಂತಿ ಕಿತ್ತರು. ಅಷ್ಟರಲ್ಲಿ ಲಿಫ್ಟರ್ ಪದಕವನ್ನು ಚೀಲಕ್ಕೆ ತುರುಕಿ ಕೋಚ್‌ನ ಕಾರು ಹತ್ತಿದ್ದ. ಎರಡು ಗಂಟೆಗೆ ಅವನು ಮೆಷಿನ್ ಮುಂದೆ ಇರಬೇಕಿತ್ತು.

ಮರುವಾರ ಅವನನ್ನು ಮೆಷಿನ್‌ನಿಂದ ತೆಗೆದು ಹೊರಗಿನ ಅಂಗಳದಲ್ಲಿ ಲಾರಿಗೆ ಪೈಪ್ ತುಂಬುವ ಕೆಲಸಕ್ಕೆ ಹಾಕಿದರು. ಬಿಸಿಲಿನ ತಿಂಗಳುಗಳನ್ನೆಲ್ಲ ಅವನು ಅಲ್ಲೇ ಕಳೆದ. ನಾನು ಕಾರ್ಯದರ್ಶಿಗಳ ಆಫೀಸಿಗೆ ಹೋಗಿ ಜಗಳವಾಡಿದೆ. ಅದು ಕಂಪನಿಯ ವಿಷಯ ಎಂದರು. ಇನ್ನೊಮ್ಮೆ ಹೋದೆ, ಗೇಟಿನಲ್ಲೇ ತಡೆದರು.

ಪಂದ್ಯ ಮಾತ್ರ ನಿಲ್ಲಲಿಲ್ಲ. ಮುಂದಿನ ಚಳಿಗಾಲದ ಹೊತ್ತಿಗೆ ಕಾರ್ಯದರ್ಶಿಗಳು ಬೇರೆ ಕೆಲಸ ಹಿಡಿದು ದುಬೈಗೆ ಹೋಗಿದ್ದರು. ಸಂಘಕ್ಕೆ ಸೋಲು ಚುಚ್ಚುತ್ತಿತ್ತು. ನ್ಯಾಯಕ್ಕೆ ಎತ್ತದಿದ್ದ ಕೈಯನ್ನು ಗೆಲ್ಲುವ ಆಸೆಗೆ ಎತ್ತಿದರು. ತಿದ್ದುಪಡಿ ನಾಲ್ಕೂ ಮತಗಳಿಂದ ಪಾಸಾಯಿತು. ಕೇರಳದ ಕೋಚ್ ಆಗಲೂ ಮೊದಲು ಕೈ ಎತ್ತಿದರು, ಯಾರನ್ನು ಕಳೆದುಕೊಳ್ಳಬಹುದೆಂದು ಗೊತ್ತಿದ್ದೂ.

ಹೊಸ ನಿಯಮದ ಹಾಳೆ ಹಿಡಿದು ನಾನು ಸಬ್ಹಾನ್‌ಗೆ ಹೋದೆ. ಲಿಫ್ಟರ್ ಅಂಗಳದಲ್ಲಿ ಲಾರಿಗೆ ಹಗ್ಗ ಬಿಗಿಯುತ್ತಿದ್ದ. ಮೊದಲಿಗಿಂತ ಕಪ್ಪಾಗಿದ್ದ, ಸೊರಗಿದ್ದ. ನಾನು ಹಾಳೆ ಕೊಟ್ಟೆ. ನಿಂತೇ ಪೂರ್ತಿ ಓದಿದ.

“ಈಗ ನೀನೇ ಹೇಳ್ಬಹುದು,” ಎಂದೆ. “ನೀನು ಯಾವ ರಾಜ್ಯ ಅಂತ ಯಾರೂ ಕೇಳುದಿಲ್ಲ, ನೀನು ಹೇಳಿದ್ದೇ ಕೊನೆ. ಕರ್ನಾಟಕಕ್ಕೆ ಬಾ.”

ಅವನು ಹಾಳೆಯನ್ನು ಮಡಚದೆ, ಕೊಳೆಯಾಗದ ಹಾಗೆ ಅಂಚು ಹಿಡಿದು ವಾಪಸ್ ಕೊಟ್ಟ.

“ಒಳ್ಳೇದು ಮಾಸ್ಟ್ರೆ. ಮುಂದೆ ಬರುವವ್ರಿಗೆ ಆಯ್ತು. ನಾನು ಕೇರಳಕ್ಕೇ ಆಡ್ತೇನೆ.”

“ಯಾಕೆ? ಇನ್ನೂ ಸಿಟ್ಟಾ?”

“ಸಿಟ್ಟು ನಿಮಗೆ. ನನಗೆ ಸಿಟ್ಟು ಮಾಡ್ಲಿಕ್ಕೆ ಪುರುಸೊತ್ತಿಲ್ಲ.” ಹಗ್ಗದ ಗಂಟನ್ನು ಒಮ್ಮೆ ಎಳೆದು ನೋಡಿದ. “ಅವ್ರು ನನ್ನ ಬೆರಳು ನೋಡಿದ್ರು. ನೀವು ಪಾಸ್‌ಪೋರ್ಟ್ ನೋಡಿದ್ರಿ.”

ಲಾರಿಯವನು ಹಾರ್ನ್ ಹೊಡೆದ. ಅವನು ಮೇಲೆ ಹತ್ತಿ ಎರಡನೆಯ ಹಗ್ಗ ಬಿಗಿಯತೊಡಗಿದ. ಆ ವರ್ಷ ಕೇರಳದ ಎದುರು ನಾವು ನೇರ ಸೆಟ್‌ಗಳಲ್ಲಿ ಸೋತೆವು. ಅಂಕ ಬರೆದವನು ನಾನೇ.